ಅವರ ಮಾತಿಗೆ ಗಡುವಿಲ್ಲ, ನಮ್ಮ ಬಾಕಿಗೆ ಮೂರೇ ವರ್ಷ



ಪೋಸ್ಟ್ ಉದ್ದ ಐತಿ, ಆದ್ರೂ ಕಡೀತನಕ ಓದ್ರಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಉಸುಕು, ಖಡಿ, ಗರಸು, ಇಟ್ಟಂಗಿ ಉದ್ರಿ ಹಾಕಿ ಕೂತಿರೋ ನಮ್ಮ ಹುಡುಗರಿಗೆ ಇದನ್ನ ಬರೀತಿದ್ದೀನಿ. ಟ್ರ್ಯಾಕ್ಟರ್, ಜೆಸಿಬಿ ಬಾಡಿಗಿಗೆ ಬಿಟ್ಟವರು, ಸೆಂಟ್ರಿಂಗ್ ಸಾಮಾನು ಕೊಟ್ಟವರು, ಆಳು ಕರ್ಕೊಂಡು ಹೋದ ಗೌಂಡಿಗಳು, ಎಲ್ಲಾರೂ ಓದ್ರಿ. "ಬಿಲ್ ಆದ ಮ್ಯಾಲೆ ಕೊಡ್ತೀನೋ ತಮ್ಮಾ" ಅನ್ನೋ ಮಾತು ನಿಮ್ಮ ಕಿವಿಗೆ ಬಿದ್ದಿದ್ರ ಇದು ನಿಮ್ಮ ವಿಷಯ.

ಮೊದಲ ನನ್ನ ತಪ್ಪು ಒಪ್ಕೊಂಡು ಮುಂದ ಹೋಗ್ತೀನಿ.

ನನ್ನ ತಂಗಿ ಮಗ, ನನಗ ಅಳಿಯ ಆಗಬೇಕು. ಪಿಯುಸಿ ಮುಗಿಸಿದ, ನೌಕರಿ ಸಿಗಲಿಲ್ಲ. ಫೈನಾನ್ಸ್‌ನಾಗ ಸಾಲ ಮಾಡಿ ಟ್ರ್ಯಾಕ್ಟರ್ ತಗೊಂಡ. ಕ್ರಷರ್‌ನಿಂದ ಖಡಿ ತಂದು ಕೆಲಸದ ಜಾಗಕ್ಕ ಹಾಕೋದು ಅವನ ಉದ್ಯೋಗ. 2022ರ ಮಾರ್ಚ್, ಏಪ್ರಿಲ್ ತಿಂಗಳಾಗ ಮುಂಡರಗಿ ತಾಲೂಕಿನ ಒಂದು ಊರಾಗ ಸಿ.ಸಿ. ರಸ್ತೆ ಕೆಲಸ ನಡೆದಿತ್ತು. ಅಲ್ಲಿಗೆ ಮಾಲು ಹಾಕಿದ. ಆ ರಸ್ತೆ ಊರಿನ ಯಾವ ಭಾಗದಾಗ ಅಂತೀರಿ? ನಮ್ಮ ಕೇರಿಯೊಳಗ. ನಮ್ಮ ಹೆಸರಿನ ಅನುದಾನ, ನಮ್ಮ ಕೇರಿ ರಸ್ತೆ, ನಮ್ಮ ಹುಡುಗ ಹಾಕಿದ ಖಡಿ. ಕಂತ್ರಾಟು ಮಾತ್ರ ಬ್ಯಾರೆಯವರದು.

ಒಟ್ಟು ಲೆಕ್ಕ 3,86,000 ರೂಪಾಯಿ. ಕಾರಹುಣ್ಣಿಮಿ ಟೈಮಿಗೆ 1,20,000 ರೂಪಾಯಿ ಕೈಯಾಗ ಕೊಟ್ರು. ಉಳಿದದ್ದು 2,66,000. ಅದಕ್ಕ ಒಂದು ಚೀಟಿ ಇಲ್ಲ, ಒಂದು ಸಹಿ ಇಲ್ಲ. ನಮ್ಮ ಅಳಿಯನ ಹತ್ರ ಇದ್ದದ್ದು ಒಂದು ಶಾಲಿ ನೋಟ್‌ಬುಕ್. ಅದರಾಗ ತಾನ ಬರಕೊಂಡ ತಾರೀಖು, ಟ್ರಿಪ್ಪಿನ ಲೆಕ್ಕ.

ಪ್ರತಿ ತಿಂಗಳ ಹೋಗ್ತಿದ್ದ. ಗೇಟಿನ ಹೊರಗ ನಿಂತು ಕರೀತಿದ್ದ. ಒಳಗಿಂದ ಬರೋ ಉತ್ತರ ಒಂದೇ: "ಇನ್ನೂ ಎಲ್‌ಓಸಿ ಬಂದಿಲ್ಲೋ ತಮ್ಮಾ. ಸರ್ಕಾರದ ರೊಕ್ಕ ಅದು, ನನ್ನ ಕೈಯಾಗ ಏನೈತಿ? ಬಿಲ್ ಆದ ಮರುದಿನ ನಿನ್ನ ಮನಿಗೆ ಕಳಸ್ತೀನಿ."

ಅವ ನನ್ನ ಹತ್ರ ಬಂದ. "ಮಾಮಾ, ಒಂದು ನೋಟಿಸ್ ಕೊಡೂಣೇನು?" ಅಂದ. ನಾನು ಏನಂದೆ ಗೊತ್ತೇನ್ರಿ? "ದೊಡ್ಡವರ ಕೂಡ ಯಾಕಪ್ಪ ಕೋರ್ಟು ಕಚೇರಿ. ಮುಂದಿನ ಕೆಲಸಕ್ಕ ಕರಿಯಂಗಿಲ್ಲ ನಿನ್ನ. ಸ್ವಲ್ಪ ದಿನ ತಡಿ, ಕೊಡ್ತಾರ." ಇಪ್ಪತ್ತು ವರ್ಷ ನೀಲಿ ಶಾಲು ಹಾಕ್ಕೊಂಡು ತಹಶೀಲ್ದಾರ್ ಆಫೀಸಿನ ಮುಂದ ಘೋಷಣೆ ಕೂಗಿದವ ನಾನು. ಅಟ್ರಾಸಿಟಿ ಕಾಯ್ದೆ ಸೆಕ್ಷನ್‌ಗಳು ನನಗ ಬಾಯಿಪಾಠ. ಆದ್ರ ಕಾಲಮಿತಿ ಕಾಯ್ದೆ ಅಂತ ಒಂದು ಐತಿ, ಅದು ದಿನಾ ನಮ್ಮ ರೊಕ್ಕ ನುಂಗಾಕತ್ತೈತಿ ಅನ್ನೋದು ನನಗ ಗೊತ್ತಿರಲಿಲ್ಲ.

2025ರ ಜುಲೈನಾಗ ಫೈನಾನ್ಸ್‌ನವರು ಟ್ರ್ಯಾಕ್ಟರ್ ಜಗ್ಗಿಕೊಂಡು ಹೋದ್ರು. ಆಗ ವಕೀಲರ ಹತ್ರ ಹೋದ್ವಿ. ಅವರು ನೋಟ್‌ಬುಕ್ ತೆರೆದು ಕೊನೆಯ ತಾರೀಖು ನೋಡಿದ್ರು. "ಮೂರು ತಿಂಗಳ ಹಿಂದ ಬರಬೇಕಿತ್ತಲ್ರೀ. ಅವಧಿ ಮುಗಿದು ಹೋಗೈತಿ" ಅಂದ್ರು.

ಆಮ್ಯಾಲೆ ಮಾಹಿತಿ ಹಕ್ಕಿನಾಗ ಅರ್ಜಿ ಹಾಕಿದ್ವಿ. ಉತ್ತರ ಬಂತು. "ಆಗಿಲ್ಲ, ಆಗಿಲ್ಲ" ಅಂತಿದ್ದ ಆ ಬಿಲ್ 2023ರ ಮಾರ್ಚ್‌ನಾಗೇ ಆಗಿತ್ತು. ಎರಡು ವರ್ಷ ಸುಳ್ಳು ಹೇಳಿ, ಕಾನೂನಿನ ಗಡಿಯಾರ ಓಡೋತನಕ ಕಾಯಿಸಿದ್ರು. ನಾನು ಅವನಿಗೆ "ತಡಿ" ಅಂದದ್ದು ಅವರ ಕೆಲಸಕ್ಕ ಸಹಾಯ ಆತು.

ಇದು ನನ್ನ ತಪ್ಪು. ಈ ತಪ್ಪು ಇನ್ನೊಬ್ಬರ ಮನ್ಯಾಗ ಆಗಬಾರದು ಅಂತ ಬರೀತಿದ್ದೀನಿ.

*

ಕಾನೂನು ಏನು ಹೇಳ್ತದ, ಸರಳವಾಗಿ ಹೇಳ್ತೀನಿ.

1963ರ ಕಾಲಮಿತಿ ಕಾಯ್ದೆ ಪ್ರಕಾರ ಮಾಲು ಮಾರಿದ ರೊಕ್ಕಕ್ಕ ದಾವಾ ಹೂಡಾಕ ಮೂರು ವರ್ಷ. ಉದ್ರಿಗೆ ಇಷ್ಟು ದಿನ ಅಂತ ಮಾತಾಗಿರದಿದ್ರ ಆ ಮೂರು ವರ್ಷ ಶುರು ಆಗೋದು ಮಾಲು ಕೊಟ್ಟ ದಿನದಿಂದ. ಕಂತ್ರಾಟುದಾರನ ಬಿಲ್ ಆದ ದಿನದಿಂದ ಅಲ್ಲ. ಅವ "ಇಲ್ಲ" ಅಂದ ದಿನದಿಂದಾನೂ ಅಲ್ಲ. ಕೆಲಸ ಮಾಡಿದ ಕೂಲಿ ದಾವಾ ಆದ್ರ ಕೆಲಸ ಮಾಡಿದ ದಿನದಿಂದ ಮೂರು ವರ್ಷ. ಅವ ನಗನಗತಾ ಚಹಾ ಕುಡಿಸಿ "ನಾಳೆ ಬಾ" ಅಂದ್ರೂ ಗಡಿಯಾರ ನಿಲ್ಲಂಗಿಲ್ಲ.

ಈಗ ಅದೇ ಕಾಯ್ದೆಯ 112ನೇ ಕಲಂ ನೋಡ್ರಿ. ಸರ್ಕಾರ ದಾವಾ ಹೂಡಬೇಕಾದ್ರ ಅದಕ್ಕ ಇರೋ ಅವಧಿ 30 ವರ್ಷ. ಫೈಲು ಕಪಾಟಿನಾಗ ಧೂಳು ತಿಂದ್ರೂ ಸರ್ಕಾರಕ್ಕ 30 ವರ್ಷ. ವಕೀಲರು, ಗುಮಾಸ್ತರು, ಕಚೇರಿ ಎಲ್ಲಾ ಇದ್ದವರಿಗೆ 30. ಶಾಲಿ ನೋಟ್‌ಬುಕ್ಕಿನಾಗ ಲೆಕ್ಕ ಬರಿಯೋ ಹುಡುಗಗ 3. ಇದಕ್ಕ ಕಾನೂನಿನ ಮುಂದ ಎಲ್ಲರೂ ಸಮಾನರು ಅಂತ ಹೆಸರು.

ಇನ್ನೊಂದು ಕೇಳ್ರಿ. ಬ್ಯಾಂಕಿನವರು ಸಾಲ ಕೊಟ್ರ ಏನ್ ಮಾಡ್ತಾರ? ಹೊಲದ ಉತಾರದಾಗ ಬೋಜಾ ಕೂಡಿಸ್ತಾರ. ಸಾಲ ತೀರಿಸೋತನಕ ಆ ಹೊಲ ಮಾರಾಕ ಹೋದ್ರ ಬೋಜಾ ಅಡ್ಡ ನಿಲ್ತದ. ಟ್ರ್ಯಾಕ್ಟರ್ ಸಾಲ ಕೊಟ್ಟ ಫೈನಾನ್ಸಿನ ಹೆಸರು ಆರ್.ಸಿ. ಕಾರ್ಡಿನಾಗ ಕೂತಿರ್ತದ. ಆದ್ರ ಒಂದು ಕಟ್ಟಡಕ್ಕ ಇಟ್ಟಂಗಿ ಕೊಟ್ಟವಗ ಆ ಕಟ್ಟಡದ ಮ್ಯಾಲೆ ಬೋಜಾ ಕೂಡಿಸೋ ಹಕ್ಕು ಐತೇನು? ಇಲ್ಲ. 1930ರ ಸರಕು ಮಾರಾಟ ಕಾಯ್ದೆ ಏನ್ ಹೇಳ್ತದಂದ್ರ, ಮಾಲು ನಿನ್ನ ಕೈಯಾಗ ಇರೋತನಕ, ರೊಕ್ಕ ಬರೋತನಕ ಹಿಡಕೊಂಡು ಕೂಡೋ ಹಕ್ಕು ನಿನಗೈತಿ. ಕೊಳ್ಳೋನ ಕೈಗೆ ಮಾಲು ಹೋತು ಅಂದ್ರ ಆ ಹಕ್ಕೂ ಹೋತು. ಖಡಿ ಟೇಲರ್‌ನಿಂದ ಕೆಳಗ ಬಿದ್ದು ಸಿಮೆಂಟಿನ ಕೂಡ ಕಲಸಿ ರಸ್ತೆ ಆದ ಮ್ಯಾಲೆ ಹಿಡಕೊಳ್ಳೋದು ಏನನ್ನ?

ಸಾವಕಾರನ ಸಾಲಕ್ಕ ಬೋಜಾ ಐತಿ, ನಮ್ಮ ಬೆವರಿನ ಸಾಲಕ್ಕ ಬೋಜಾ ಇಲ್ಲ.

ಇದು ದೇವರು ಬರೆದಿಟ್ಟ ನಿಯಮ ಅಂತ ತಿಳ್ಕೋಬ್ಯಾಡ್ರಿ. ಅಮೆರಿಕದಾಗ 1791ರಷ್ಟು ಹಿಂದೇನ ಮೇರಿಲ್ಯಾಂಡ್ ರಾಜ್ಯ ಇದಕ್ಕ ಕಾನೂನು ಮಾಡ್ತು. ಹೊಸ ರಾಜಧಾನಿ ವಾಷಿಂಗ್ಟನ್ ಕಟ್ಟಬೇಕಿತ್ತು. ಉದ್ರಿ ಮಾಲು ಕೊಡೋರಿಗೆ, ಕೆಲಸ ಮಾಡೋರಿಗೆ ಭರವಸೆ ಬೇಕಿತ್ತು. ರೊಕ್ಕ ಬರದಿದ್ರ ಆ ಕಟ್ಟಡದ ಮ್ಯಾಲೇ ಹಕ್ಕು ಅಂತ ಬರೆದ್ರು. ಇವತ್ತು ಆ ದೇಶದ ಎಲ್ಲಾ ರಾಜ್ಯಗಳಾಗೂ ಅಂಥಾ ಕಾನೂನು ಐತಿ. ಗಡುವು ಅಲ್ಲೂ ಐತಿ, ಅದೂ ಬಿಗಿ. ಕ್ಯಾಲಿಫೋರ್ನಿಯಾದಾಗ ಮಾಲು ಕೊಡೋನು ಮೊದಲ 20 ದಿನದಾಗ ಮುನ್ಸೂಚನೆ ಕೊಡಬೇಕು, ಕೆಲಸ ಮುಗಿದ 90 ದಿನದೊಳಗ ಹಕ್ಕು ದಾಖಲು ಮಾಡಬೇಕು. ತಪ್ಪಿದ್ರ ಹಕ್ಕು ಹೋತು. ಆದ್ರ ಗಡುವಿನೊಳಗ ಬಂದವಗ ಹಿಡಕೊಳ್ಳಾಕ ಏನಾದ್ರೂ ಒಂದು ಐತಿ.

"ಸರ್ಕಾರಿ ರಸ್ತೆ ಮ್ಯಾಲೆ ಬೋಜಾ ಹೆಂಗ ಕೂಡಿಸ್ತೀರಿ?" ಅಂತ ಯಾರಾದ್ರೂ ಕೇಳ್ತಾರ. ಸರಿಯಾದ ಪ್ರಶ್ನೆ. ಅಲ್ಲೂ ಸರ್ಕಾರಿ ಆಸ್ತಿ ಮ್ಯಾಲೆ ಕೂಡಿಸಂಗಿಲ್ಲ. ಅದಕ್ಕ ಅವರು 1935ರಾಗ ಮಿಲ್ಲರ್ ಕಾಯ್ದೆ ತಂದ್ರು. ದೊಡ್ಡ ಸರ್ಕಾರಿ ಕೆಲಸ ಹಿಡಿಯೋ ಕಂತ್ರಾಟುದಾರ ಮೊದಲ ಒಂದು ಪಾವತಿ ಬಾಂಡ್ ಕೊಡಬೇಕು. ಅವ ಮಾಲಿನವರಿಗೆ, ಕೆಲಸದವರಿಗೆ ರೊಕ್ಕ ಕೊಡದಿದ್ರ ಅವರು ಆ ಬಾಂಡಿನಿಂದ ವಸೂಲಿ ಮಾಡಬಹುದು. ಸರ್ಕಾರದ ರಸ್ತೆಗೂ ಧಕ್ಕೆ ಇಲ್ಲ, ಖಡಿ ಹಾಕಿದವನ ಹೊಟ್ಟಿಗೂ ಧಕ್ಕೆ ಇಲ್ಲ.

ನಮ್ಮಲ್ಲಿ ಟೆಂಡರ್‌ಗೆ ಇ.ಎಂ.ಡಿ. ಐತಿ, ಸೆಕ್ಯುರಿಟಿ ಡೆಪಾಸಿಟ್ ಐತಿ. ಎಲ್ಲಾ ಸರ್ಕಾರದ ರಕ್ಷಣೆಗೆ. ರಸ್ತೆ ಕಿತ್ರ ಸರ್ಕಾರ ಅದನ್ನ ಹಿಡಕೋತದ. ನಮ್ಮ ರೊಕ್ಕ ಮುಳುಗಿದ್ರ ಯಾರೂ ಏನೂ ಹಿಡಿಯಂಗಿಲ್ಲ.

*

ಈಗ ಕೆಲವು ಗೆಳೆಯರು ಬರ್ತಾರ. "ಇದರಾಗ ಜಾತಿ ಎಲ್ಲಿಂದ ಬಂತ್ರೀ? ಬಾಕಿ ಎಲ್ಲಾ ಜಾತಿಯವರದೂ ಮುಳುಗೈತಿ" ಅಂತಾರ.

ಮುಳುಗೈತಿ, ಒಪ್ತೀನಿ. ಆದ್ರ ಎಲ್ಲಾರೂ ಒಂದೇ ನೀರಿನಾಗ ಮುಳುಗಿಲ್ಲ.

ಮೇಲ್ಜಾತಿಯ ಅಂಗಡಿಕಾರ ಸಿಮೆಂಟ್ ಉದ್ರಿ ಕೊಟ್ಟಿದ್ರ ಕಂತ್ರಾಟುದಾರನ ಮನಿ ಕಟ್ಟಿ ಮ್ಯಾಲೆ ಹೋಗಿ ಕೂತು ಕೇಳ್ತಾನ. ಬೀಗರ ಕಡೆಯಿಂದ ಹೇಳಿಸ್ತಾನ. ಮಠದಾಗ, ಎ.ಪಿ.ಎಂ.ಸಿ.ಯಾಗ, ಮದುವಿ ಊಟದಾಗ ಭೇಟಿ ಆಗ್ತಾನ. ಊರ ಹಿರ್ಯಾರು ನಡುವ ಬರ್ತಾರ. ಅವನಿಗೆ ಕೋರ್ಟೇ ಬೇಕಾಗಿಲ್ಲ. ಅವನ ಜಾತಿಯೇ ಅವನ ಬೋಜಾ. ನಮ್ಮ ಹುಡುಗ ಗೇಟಿನ ಹೊರಗ ನಿಲ್ತಾನ. ಅವನ ಪರವಾಗಿ ಹೇಳೋ ಬೀಗರು ಆ ಮನ್ಯಾಗ ಇಲ್ಲ. ಆದ್ದರಿಂದ ಬರೆದ ಕಾನೂನು ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗ್ತದ.

ಇನ್ನು ಸಹಿ ಕೇಳೋ ವಿಷಯ. ಅಳಿಯನ ಕರ್ಕೊಂಡು ನಾನೇ ಹೋಗಿದ್ದೆ. ಅವಧಿ ಮುಗಿದ ಸಾಲಕ್ಕೂ "ಕೊಡ್ತೀನಿ" ಅಂತ ಬರೆದು ಸಹಿ ಮಾಡಿಕೊಟ್ರ ಅದು ಮತ್ತ ಜೀವ ತುಂಬ್ಕೋತದ, ಕರಾರು ಕಾಯ್ದೆಯ 25ನೇ ಸೆಕ್ಷನ್‌ನಾಗ ಅದಕ್ಕ ಅವಕಾಶ ಐತಿ. ಅದಕ್ಕ ಒಂದು ಕಾಗದ ಬರಕೊಂಡು ಹೋಗಿ ಮುಂದ ಇಟ್ಟೆ. ಆತ ಓದಿದ. ಮುಖ ಕೆಂಪಗಾತು. "ನಿಮ್ಮ ಮಂದಿಗೆ ನಾನು ಬರೆದು ಕೊಡಬೇಕೇನು? ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲೇನು?"

"ನಿಮ್ಮ ಮಂದಿಗೆ." ಈ ಎರಡು ಶಬ್ದದಾಗ ಜಾತಿ ಕಾಣದವರು ದಯವಿಟ್ಟು ಕಣ್ಣು ತೋರಿಸಿಕೊಳ್ರಿ.

ಬ್ಯಾಂಕಿಗೆ ಅದೇ ಮನುಷ್ಯ ಇಪ್ಪತ್ತು ಕಡೆ ಸಹಿ ಮಾಡಿ ಕೊಡ್ತಾನ. ಟೆಂಡರ್ ಫಾರಂನ ಪುಟಪುಟಕ್ಕೂ ಸಹಿ ಹಾಕ್ತಾನ. ಅವನಿಗೆ ಅಲ್ಲಿ ಅವಮಾನ ಆಗಂಗಿಲ್ಲ. ನಮಗ ಸಹಿ ಕೊಡೋದು ಅಂದ್ರ ನಮ್ಮನ್ನ ಲೆಕ್ಕದ ಮನುಷ್ಯರು ಅಂತ ಒಪ್ಕೊಂಡಂಗ. ಅದಕ್ಕ ಉರೀತದ.

ಬಾಬಾಸಾಹೇಬರು ವಿದೇಶದಾಗ ಓದಿ ಬಂದ ಮ್ಯಾಲೆ ಮುಂಬೈನಾಗ ಷೇರು ವ್ಯವಹಾರದ ಸಲಹಾ ಸಂಸ್ಥೆ ಶುರು ಮಾಡಿದ್ರು. ಜಾತಿ ಗೊತ್ತಾದ ಮ್ಯಾಲೆ ಗಿರಾಕಿಗಳು ಬರೋದು ಬಿಟ್ರು, ಮುಚ್ಚಬೇಕಾತು. ಅಷ್ಟು ಓದಿದ ಮನುಷ್ಯಾಗೇ ಮಾರುಕಟ್ಟಿ ಬಾಗಿಲು ಹಾಕ್ತು. ಮಾರುಕಟ್ಟಿಗೆ ಜಾತಿ ಇಲ್ಲ ಅನ್ನೋರು ಇದನ್ನ ನೆನಪಿಡಬೇಕು.

*

ಕಂತ್ರಾಟುದಾರರ ಕಷ್ಟ ಸುಳ್ಳಲ್ಲ. ಸರ್ಕಾರ ಬಿಲ್ ತಡ ಮಾಡ್ತದ. ರಾಜ್ಯದ ಗುತ್ತಿಗೆದಾರರ ಸಂಘ ಸಾವಿರಾರು ಕೋಟಿ ಬಾಕಿ ಅಂತ ವರ್ಷಾ ಹೇಳ್ತಾನ ಬಂದೈತಿ, ಯಾವ ಪಕ್ಷದ ಸರ್ಕಾರ ಇದ್ರೂ. 2022ರ ಏಪ್ರಿಲ್‌ನಾಗ ಬೆಳಗಾವಿ ಕಡೆಯ ಒಬ್ಬ ಗುತ್ತಿಗೆದಾರ ಉಡುಪಿಯ ಲಾಡ್ಜ್‌ನಾಗ ಪ್ರಾಣ ಕಳಕೊಂಡ. ಹಿಂಡಲಗಾ ಊರಿನ ರಸ್ತೆ ಕೆಲಸ ಮಾಡಿದ್ದೆ, ಬಿಲ್ ಆಗಿಲ್ಲ ಅನ್ನೋದು ಅವನ ದೂರು. ಕಾರ್ಯಾದೇಶವೇ ಇರಲಿಲ್ಲ ಅನ್ನೋದು ಆಗ ಎದ್ದ ವಾದ. ಇಡೀ ರಾಜ್ಯ ಮಾತಾಡ್ತು. ಮಾತಾಡಬೇಕಿತ್ತು.

ಆದ್ರ ಅಂಥಾ ರಸ್ತೆಗೆ ಖಡಿ ಹಾಕಿದವರು, ರೋಲರ್ ಹೊಡೆದವರು, ಗಾರೆ ಕಲಸಿದ ಹೆಣ್ಣಮಕ್ಕಳು ಯಾರು, ಅವರ ರೊಕ್ಕ ಏನಾತು ಅಂತ ಯಾವ ಚಾನೆಲ್‌ನವರೂ ಕೇಳಲಿಲ್ಲ. ಮ್ಯಾಲಿನವಗ ರೊಕ್ಕ ತಡ ಆದ್ರ ಕೆಳಗಿನವಗ ರೊಕ್ಕ ಇಲ್ಲವೇ ಇಲ್ಲ. ಗುತ್ತಿಗೆದಾರರ ಸಂಘದ ಹಿರಿಯರಿಗೆ ಒಂದು ಮಾತು: ನಿಮ್ಮ ಬಾಕಿಗೆ ನೀವು ಬೀದಿಗೆ ಇಳಿದ್ರ ನಾವೂ ಜೊತಿಗೆ ಬರ್ತೀವಿ. ಆದ್ರ ನೀವು ಕೊಡಬೇಕಾದ ಬಾಕಿ ಪಟ್ಟೀನೂ ಅದೇ ಮನವಿಪತ್ರದಾಗ ಲಗತ್ತಿಸ್ರಿ. ಬಿಲ್ ಆದ ದಿನ ನಮಗ ಹೇಳ್ರಿ.

ನಮ್ಮ ನಾಯಕರಿಗೂ ಒಂದು ಮಾತು. ಕೆ.ಟಿ.ಪಿ.ಪಿ. ಕಾಯ್ದೆಗೆ ತಿದ್ದುಪಡಿ ಬಂದು 50 ಲಕ್ಷದವರೆಗಿನ ಕಾಮಗಾರಿಯಾಗ ಪರಿಶಿಷ್ಟ ಜಾತಿಗೆ 17.15%, ಪರಿಶಿಷ್ಟ ಪಂಗಡಕ್ಕ 6.95% ಮೀಸಲಾತಿ ಆತು. 2023ರಾಗ ಆ ಮಿತಿ 1 ಕೋಟಿಗೆ ಏರ್ತು. ಹೋರಾಟದ ಫಲ ಅದು, ನಾವೆಲ್ಲಾ ಪೇಢೆ ಹಂಚಿದ್ವಿ. ಆಮ್ಯಾಲೆ ಏನಾತು? ನಮ್ಮವರ ಲೈಸೆನ್ಸು ಬಾಡಿಗಿಗೆ ಹೋಗಾಕತ್ತು. ಹೆಸರು ನಮ್ಮವಂದು, ಕೆಲಸ, ಲಾಭ ಇನ್ನೊಬ್ಬರದು. ನಮ್ಮವಗ ಸಿಗೋದು ಪರ್ಸೆಂಟೇಜ್ ಅನ್ನೋ ಭಕ್ಷೀಸು.

ಲೈಸೆನ್ಸು ಬಾಡಿಗಿಗೆ ಕೊಟ್ಟ ತಮ್ಮಂದಿರೇ, ಇದನ್ನ ಎರಡು ಸಲ ಓದ್ರಿ. ಮಾಲಿನವ ಬಾಕಿಗೆ ನೋಟಿಸ್ ಕಳಿಸಿದ್ರ ಯಾರ ಹೆಸರಿಗೆ ಬರ್ತದ? ಕಾರ್ಯಾದೇಶ ಯಾರ ಹೆಸರಿನಾಗ ಐತೋ, ಬಿಲ್ ಯಾರ ಖಾತೆಗೆ ಬಿದ್ದೈತೋ, ಅವರ ಹೆಸರಿಗೆ. ಚೆಕ್ಕು ಬೌನ್ಸ್ ಆದ್ರ ಕಟಕಟೆಯಾಗ ನಿಲ್ಲೋನು ಅದಕ್ಕ ಸಹಿ ಹಾಕಿದ ನೀನು. ನಿನ್ನ ಲೈಸೆನ್ಸಿನ ಹಿಂದ ಕೂತವ ಅವತ್ತು ಫೋನ್ ಎತ್ತಂಗಿಲ್ಲ. ಕಡೀಕೆ ನಮ್ಮ ಖಡಿ ಹುಡುಗ ನಮ್ಮ ಲೈಸೆನ್ಸಿನ ಹುಡುಗನ ಮ್ಯಾಲೆ ಕೇಸ್ ಹಾಕಬೇಕು. ಜಗಳ ನಮ್ಮ ಕೇರಿಯೊಳಗ, ರೊಕ್ಕ ಊರ ನಡುವಿನ ಮಾಳಿಗಿ ಮನ್ಯಾಗ.

*

ಸರಿ, ಸಿಟ್ಟು ಹೇಳಿಕೊಂಡಾತು. ಈಗ ಕೈಯಾಗ ಇರೋ ದಾರಿ ಹೇಳ್ತೀನಿ. ಸ್ಕ್ರೀನ್‌ಶಾಟ್ ಹೊಡಕೊಳ್ರಿ, ಓದು ಬರದವರಿಗೆ ಓದಿ ಹೇಳ್ರಿ.

1. ಪ್ರತಿ ಟ್ರಿಪ್ಪಿಗೂ ಚಲನ್. ಬುಕ್ ಡಿಪೋದಾಗ ಎರಡು ಪ್ರತಿಯ ಚಲನ್ ಬುಕ್ ಸಿಗ್ತಾವ. ತಾರೀಖು, ಮಾಲು, ಅಳತಿ, ದರ, ಯಾವ ಕಾಮಗಾರಿ, ಇಳಿಸಿಕೊಂಡವನ ಸಹಿ. ಸೈಟಿನ ಸುಪರ್‌ವೈಸರ್ ಸಹಿ ಆದ್ರೂ ಇರಲಿ. ಸಹಿ ಇಲ್ಲ ಅಂದ್ರ ಹೈಡ್ರಾಲಿಕ್ ಎತ್ತಬ್ಯಾಡ್ರಿ. ಮಾಲು ಟೇಲರ್‌ನಾಗ ಇರೋತನಕ ಹಕ್ಕು ನಿಮ್ಮದು.

2. ಗಡಿಯಾರ ತಿರುಗಿಸೋ ಸಹಿ. ಕಾಲಮಿತಿ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಮೂರು ವರ್ಷ ಮುಗಿಯೋದರೊಳಗ ಆತ "ಇಂಥವರಿಗೆ ಇಷ್ಟು ಬಾಕಿ ಐತಿ" ಅಂತ ಬರೆದು ಸಹಿ ಮಾಡಿದ್ರ ಆ ದಿನದಿಂದ ಮತ್ತ ಹೊಸದಾಗಿ ಮೂರು ವರ್ಷ. ಪ್ರತಿ ಮಾರ್ಚ್ 31ಕ್ಕ ಬಾಕಿ ಲೆಕ್ಕದ ಕಾಗದಕ್ಕ ಸಹಿ ತಗೊಳ್ರಿ. ಬಾಯಿಮಾತು ಎಷ್ಟು ಸಲ ಹೇಳಿದ್ರೂ ಗಡಿಯಾರ ತಿರುಗಂಗಿಲ್ಲ.

3. ಸ್ವಲ್ಪ ರೊಕ್ಕ ಕೊಟ್ರ ಚೆಕ್ಕಿನಾಗ ತಗೊಳ್ರಿ. 19ನೇ ಸೆಕ್ಷನ್ ಪ್ರಕಾರ ಅವಧಿಯೊಳಗ ಭಾಗಶಃ ಪಾವತಿ ಆಗಿ, ಅದಕ್ಕ ಕೊಟ್ಟವನ ಬರಹ ಅಥವಾ ಸಹಿ ಇದ್ರೂ ಅವಧಿ ಹೊಸದಾಗಿ ಶುರು ಆಗ್ತದ. ಚೆಕ್ಕಿನ ಮ್ಯಾಲೆ ಅವನ ಸಹಿ ಇರ್ತದ. ಕೈಯಾಗ ತುರುಕಿದ ನೋಟಿಗೆ ಇರಂಗಿಲ್ಲ. ನಮ್ಮ ಅಳಿಯ ಸೋತದ್ದು ಇಲ್ಲೇ.

4. ವಾಟ್ಸಾಪ್ ಮೆಸೇಜ್ ಅಳಿಸಬ್ಯಾಡ್ರಿ. ಆದ್ರ ಅದೊಂದರ ಮ್ಯಾಲೆ ನಿಲ್ಲಬ್ಯಾಡ್ರಿ. ಕೋರ್ಟಿನಾಗ ಅದನ್ನ ಹಾಜರ ಮಾಡಾಕ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರ ಬೇಕಾಗ್ತದ. ವಕೀಲರಿಗೆ ಮೊದಲ ತೋರಿಸ್ರಿ.

5. ಚೆಕ್ಕು ಬೌನ್ಸ್ ಆದ್ರ ದಿನ ಎಣಿಸ್ರಿ. ಚೆಕ್ಕು ಬರೆದ ತಾರೀಖಿನಿಂದ 3 ತಿಂಗಳೊಳಗ ಬ್ಯಾಂಕಿಗೆ ಹಾಕಬೇಕು. ವಾಪಸ್ ಬಂದ ಮಾಹಿತಿ ಸಿಕ್ಕ 30 ದಿನದೊಳಗ ನೋಟಿಸ್. ನೋಟಿಸ್ ಮುಟ್ಟಿದ ಮ್ಯಾಲೆ ಅವನಿಗೆ 15 ದಿನ. ಆಗಲೂ ಕೊಡದಿದ್ರ ಮುಂದಿನ ಒಂದು ತಿಂಗಳೊಳಗ ಕೋರ್ಟಿಗೆ ದೂರು. "ಮತ್ತೊಮ್ಮೆ ಹಾಕು, ಈ ಸಲ ಪಾಸ್ ಆಗ್ತದ" ಅನ್ನೋ ಮಾತಿನಾಗ ದಿನ ಕಳಿಬ್ಯಾಡ್ರಿ.

6. ಉದ್ಯಮ್ ನೋಂದಣಿ ಇವತ್ತೇ ಮಾಡಿಸ್ರಿ. ಆನ್‌ಲೈನ್, ಒಂದು ರೂಪಾಯಿ ಖರ್ಚಿಲ್ಲ. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆ ಪ್ರಕಾರ ಅತಿಸಣ್ಣ, ಸಣ್ಣ ಉದ್ಯಮದವರ ರೊಕ್ಕ ಹೆಚ್ಚಂದ್ರ 45 ದಿನದಾಗ ಕೊಡಬೇಕು. ತಪ್ಪಿದ್ರ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಹೋಗೋದು ಫೆಸಿಲಿಟೇಶನ್ ಕೌನ್ಸಿಲ್‌ಗೆ. ಕೌನ್ಸಿಲ್ ತೀರ್ಪು ಪ್ರಶ್ನೆ ಮಾಡಬೇಕಾದ್ರ ಎದುರಿನವ ಮೊದಲ 75% ರೊಕ್ಕ ಕಟ್ಟಬೇಕು.

ಇದರಾಗೂ ಸಂದು ಅದಾವ, ಮುಚ್ಚಿಡಂಗಿಲ್ಲ. ಇಟ್ಟಂಗಿ ಭಟ್ಟಿ, ಕ್ರಷರ್ ಇದ್ದವರು ತಯಾರಕರು, ಜೆಸಿಬಿ ಬಾಡಿಗಿ ಬಿಡೋರು ಸೇವೆ ಕೊಡೋರು. ಅವರಿಗೆ ಈ ಕಾಯ್ದೆ ಬರ್ತದ. ನಮ್ಮ ಅಳಿಯನಂಗ ಕ್ರಷರ್‌ನಿಂದ ಕೊಂಡು ತಂದು ಹಾಕೋರು ಬರೇ ವ್ಯಾಪಾರಿ ಅಂತ ಲೆಕ್ಕ. 2021ರಿಂದ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ಕೊಡ್ತಾರ, ಆದ್ರ ಬ್ಯಾಂಕ್ ಸಾಲದ ಅನುಕೂಲಕ್ಕ ಮಾತ್ರ, 45 ದಿನದ ಹಕ್ಕಿಗೆ ಅಲ್ಲ. ನೋಂದಣಿಗಿಂತ ಮೊದಲಿನ ವ್ಯವಹಾರಕ್ಕ ಈ ಲಾಭ ಇಲ್ಲ ಅಂತ ಸುಪ್ರೀಂ ಕೋರ್ಟ್ 2021ರಾಗ ಹೇಳಿತ್ತು. 2025ರಾಗ ಆ ಪ್ರಶ್ನೆ ದೊಡ್ಡ ಪೀಠಕ್ಕ ಹೋಗೈತಿ. ಅದರ ತೀರ್ಪು ಕಾಯಕೋತ ಕೂಡಬ್ಯಾಡ್ರಿ, ಮೊದಲ ನೋಂದಣಿ, ಆಮ್ಯಾಲೆ ಮಾಲು.

7. ಬಿಲ್ ಆಗೈತೋ ಇಲ್ಲೋ ಅಂತ ಕಂತ್ರಾಟುದಾರನ್ನ ಕೇಳಬ್ಯಾಡ್ರಿ, ಇಲಾಖೆಯನ್ನ ಕೇಳ್ರಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಬಿ.ಪಿ.ಎಲ್. ಇದ್ದವರಿಗೆ ಅದೂ ಇಲ್ಲ. 30 ದಿನದಾಗ ಉತ್ತರ ಕೊಡಬೇಕು. ಕಾಮಗಾರಿ ಹೆಸರು ಬರೆದು, ಅಳತೆ ಪುಸ್ತಕದ ಪ್ರತಿ, ಪ್ರತಿ ಬಿಲ್ಲಿನ ಮೊತ್ತ, ಪಾವತಿಯಾದ ತಾರೀಖು ಕೇಳ್ರಿ. ಈ ಒಂದು ಅರ್ಜಿ 2023ರಾಗ ಹಾಕಿದ್ರ ಅಳಿಯನ ಟ್ರ್ಯಾಕ್ಟರ್ ಇವತ್ತು ಮನಿ ಮುಂದ ಇರ್ತಿತ್ತು.

8. ವಕೀಲರ ಫೀಜಿಗೆ ಅಂಜಬ್ಯಾಡ್ರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ಕಾನೂನು ನೆರವು. ಆದಾಯದ ಮಿತಿ ಇಲ್ಲ. ಜಾತಿ ಪ್ರಮಾಣಪತ್ರ ತಗೊಂಡು ಗದಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ. ಫೋನ್ ನಂಬರ್ 15100. ಇದು ಭಿಕ್ಷೆ ಅಲ್ಲ.

9. ಕೂಲಿ ಮಾಡಿದ ಅಕ್ಕ ತಂಗ್ಯಾರೇ, ಅಣ್ಣ ತಮ್ಮಂದಿರೇ. ಹಳೇ ಕನಿಷ್ಠ ವೇತನ ಕಾಯ್ದೆಯಾಗ ಬಾಕಿ ಕೇಳಾಕ 6 ತಿಂಗಳು ಮಾತ್ರ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಾಗ ಅದು 3 ವರ್ಷ ಆಗೈತಿ. ಆ ಸಂಹಿತೆಗಳ ಬಗ್ಗೆ ನನಗ ನೂರು ತಕರಾರು ಅದಾವ, ಆದ್ರ ಈ ಒಂದು ಅವಧಿ ನಮ್ಮ ಕೈಗೆ ಬಂದೈತಿ, ಬಳಸಿಕೊಳ್ರಿ. "ಕಂತ್ರಾಟುದಾರ ಕೊಡಲಿಲ್ಲ, ನಮಗೇನು ಸಂಬಂಧ" ಅಂತ ಇಲಾಖೆ ಹೇಳಂಗಿಲ್ಲ. ದೆಹಲಿಯ ಏಷ್ಯಾಡ್ ಕಾಮಗಾರಿ ಪ್ರಕರಣದಾಗ ದಿನಕ್ಕ 9 ರೂಪಾಯಿ 25 ಪೈಸೆ ಕೂಲಿಯಾಗ ಜಮಾದಾರ ಒಂದು ರೂಪಾಯಿ ಮುರಕೋತಿದ್ದ. 1982ರಾಗ ಸುಪ್ರೀಂ ಕೋರ್ಟ್ ಹೇಳ್ತು, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸೋದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ, ಸರ್ಕಾರ ಕಂತ್ರಾಟುದಾರನ ಹಿಂದ ಅಡಗಿಕೊಳ್ಳಂಗಿಲ್ಲ ಅಂತ.

10. ಅಟ್ರಾಸಿಟಿ ಕಾಯ್ದೆ ಬಗ್ಗೆ ಎಚ್ಚರ. ಬಾಕಿ ಕೊಡದೇ ಇರೋದೆಲ್ಲಾ ಅಟ್ರಾಸಿಟಿ ಆಗಂಗಿಲ್ಲ, ಸುಮ್ಮನ ಹಾಕಿ ಕೇಸ್ ಕೆಡಿಸಿಕೊಳ್ಳಬ್ಯಾಡ್ರಿ. ಆದ್ರ ರೊಕ್ಕ ಕೇಳಿದ್ದಕ್ಕ ಮಂದಿ ಮುಂದ ಜಾತಿ ಹೆಸರಿಲೆ ಬೈದ್ರ, ಬಿಟ್ಟಿ ದುಡಿಸಿಕೊಂಡ್ರ, "ಇವನ ಗಾಡಿ ಯಾರೂ ಕರೀಬ್ಯಾಡ್ರಿ" ಅಂತ ಆರ್ಥಿಕ ಬಹಿಷ್ಕಾರ ಹಾಕಿದ್ರ, ಅದು ಅಪರಾಧ. ಅವತ್ತು ಹಿಂದ ಸರಿಬ್ಯಾಡ್ರಿ.

*

ಇದೆಲ್ಲಾ ನಮ್ಮ ಕಡೆಯ ಎಚ್ಚರ. ಆದ್ರ ಕಳುವು ಆದ ಮನಿಯವರಿಗೇ "ಕೀಲಿ ಸರಿಯಾಗಿ ಹಾಕಿಕೊಳ್ರಿ" ಅಂತ ಬುದ್ಧಿ ಹೇಳಿ ಸುಮ್ಮನಾಗಾಕ ಬರಂಗಿಲ್ಲ. ಸರ್ಕಾರಕ್ಕ ನಮ್ಮ ಬೇಡಿಕೆ ಅದಾವ. ಗದಗ ಜಿಲ್ಲಾಧಿಕಾರಿಗಳ ಮೂಲಕ ಮುಖ್ಯಮಂತ್ರಿಗಳಿಗೆ ಮನವಿ ಕೊಡ್ತೀವಿ. ಅದರಾಗ ಬರಿಯೋದು ಇವು:

ಒಂದು, ಯಾವುದೇ ಸರ್ಕಾರಿ ಕಾಮಗಾರಿಯ ಕೊನೆಯ ಬಿಲ್ ಮತ್ತು ಸೆಕ್ಯುರಿಟಿ ಡೆಪಾಸಿಟ್ ಬಿಡುಗಡೆಗೆ ಮೊದಲ, ಗ್ರಾಮ ಪಂಚಾಯಿತಿ ಅಥವಾ ಪುರಸಭೆ ಬೋರ್ಡಿನಾಗ 30 ದಿನ ನೋಟಿಸ್ ಹಚ್ಚಬೇಕು. "ಈ ಕೆಲಸಕ್ಕ ಮಾಲು, ಗಾಡಿ, ಆಳು ಕೊಟ್ಟು ರೊಕ್ಕ ಬಾಕಿ ಇದ್ದವರು ಅರ್ಜಿ ಕೊಡ್ರಿ" ಅಂತ. ಅರ್ಜಿ ಬಂದ್ರ ಅಷ್ಟು ರೊಕ್ಕ ತಡೆದು ಇಡಬೇಕು.

ಎರಡು, 1 ಕೋಟಿಗಿಂತ ದೊಡ್ಡ ಕಾಮಗಾರಿಗೆ ಪಾವತಿ ಬಾಂಡ್ ಕಡ್ಡಾಯ ಆಗಬೇಕು. ಸರ್ಕಾರದ ರಕ್ಷಣೆಗೆ ಡೆಪಾಸಿಟ್ ಇದ್ದಂಗ ನಮ್ಮ ರಕ್ಷಣೆಗೂ ಒಂದು ಇರಲಿ.

ಮೂರು, ಯಾವ ಕಾಮಗಾರಿಗೆ, ಯಾವ ತಾರೀಖಿಗೆ, ಎಷ್ಟು ಬಿಲ್ ಆತು ಅನ್ನೋದು ಕೆಲಸದ ಜಾಗದ ಬೋರ್ಡಿನಾಗೂ ಇಲಾಖೆ ವೆಬ್‌ಸೈಟಿನಾಗೂ ಏಳು ದಿನದೊಳಗ ಬರಬೇಕು. "ಬಿಲ್ ಆಗಿಲ್ಲ" ಅನ್ನೋ ಸುಳ್ಳು ಅಲ್ಲಿಗೇ ಸಾಯ್ತದ.

ನಾಲ್ಕು, ಮೀಸಲಾತಿ ಕಾಮಗಾರಿ ಮಾಡಿದ ಪರಿಶಿಷ್ಟ ಗುತ್ತಿಗೆದಾರರ ಬಿಲ್ ನಿಗದಿತ ದಿನದಾಗ ಆಗಬೇಕು, ತಡ ಆದ್ರ ಬಡ್ಡಿ. ಬಂಡವಾಳ ಇಲ್ಲದವಗ ಕೆಲಸ ಕೊಟ್ಟು ಎರಡು ವರ್ಷ ಬಿಲ್ ತಡೆದ್ರ ಅವ ಲೈಸೆನ್ಸು ಬಾಡಿಗಿಗೆ ಕೊಡದೇ ಏನ್ ಮಾಡ್ತಾನ?

ಐದು, ಮಾಲು ಕೊಂಡು ತಂದು ಹಾಕೋ ಸಣ್ಣ ವ್ಯಾಪಾರಿಗೂ 45 ದಿನದ ಹಕ್ಕು ಸಿಗಬೇಕು. ಇದು ಕೇಂದ್ರದ ಕಾಯ್ದೆ, ರಾಜ್ಯ ಸರ್ಕಾರ ಕೇಂದ್ರಕ್ಕ ಪತ್ರ ಬರೀಲಿ.

ಬಂಧುಗಳೇ, ನಮ್ಮ ಹಿರಿಯರು ಬಿಟ್ಟಿ ಚಾಕರಿ ಮಾಡಿದ್ರು. ಸುಗ್ಗಿಯಾಗ ಕಣದ ಮೂಲ್ಯಾಗ ಕೂತು, ಕೊಟ್ಟಷ್ಟು ಕಾಳು ಸೆರಗಿನಾಗ, ಚೀಲದಾಗ ತುಂಬ್ಕೊಂಡು ಬಂದ್ರು. ಅವರ ಕಡೆ ಚಲನ್ ಇರಲಿಲ್ಲ, ಕಾನೂನು ಇರಲಿಲ್ಲ. ನಮ್ಮ ಕಡೆ ಟ್ರ್ಯಾಕ್ಟರ್ ಬಂತು, ಮೊಬೈಲ್ ಬಂತು, ಸಂವಿಧಾನ ಬಂತು. ಅಷ್ಟಾದ ಮ್ಯಾಲೂ ನಾವು ಗೇಟಿನ ಹೊರಗ ನಿಂತು "ಸಾವಕಾರ್ರ, ಏನಾರ ನೋಡ್ರಿ" ಅಂದ್ರ, ಬಿಟ್ಟಿ ಚಾಕರಿ ಇನ್ನೂ ಹೋಗಿಲ್ಲ, ಅದಕ್ಕ ಚಕ್ರ ಹಚ್ಚೀವಿ ಅಷ್ಟೇ.

ಅಳಿಯ ಈಗ ಬ್ಯಾರೆಯವರ ಗಾಡಿ ಮ್ಯಾಲೆ ಡ್ರೈವರ್. ಆ ನೋಟ್‌ಬುಕ್ ನನ್ನ ಕಡೆ ಐತಿ. ಕೋರ್ಟಿಗೆ ಅದು ಬೇಕಾಗಿಲ್ಲ. ಮನವಿ ಕೊಡೋ ದಿನ ನಾನು ಅದನ್ನ ತಗೊಂಡು ಹೋಗ್ತೀನಿ. ನಿಮ್ಮ ಕಡೆ ಇರೋ ನೋಟ್‌ಬುಕ್, ಚೀಟಿ, ಬೌನ್ಸ್ ಆದ ಚೆಕ್ಕು ಎಲ್ಲಾ ತಗೊಂಡು ಬರ್ರಿ. ನಾಲ್ಕೂ ಕಡೆಯಿಂದ ಬರ್ರಿ. ದಿನ ಗೊತ್ತಾದ ಕೂಡ್ಲೆ ಇಲ್ಲೇ ಹಾಕ್ತೀನಿ.

ಅದಕ್ಕೂ ಮೊದಲ ಒಂದು ಕೆಲಸ ಮಾಡ್ರಿ. ಇವತ್ತ ರಾತ್ರಿ ಊಟ ಆದ ಮ್ಯಾಲೆ ನಿಮ್ಮ ಲೆಕ್ಕದ ಪುಸ್ತಕ ತೆಗೆದು ಹಳೇ ಬಾಕಿಯ ತಾರೀಖು ನೋಡ್ರಿ. ಅದಕ್ಕ ಮೂರು ವರ್ಷ ಕೂಡಿಸ್ರಿ. ಆ ದಿನ ಇನ್ನೂ ಬಂದಿಲ್ಲ ಅಂದ್ರ ನಾಳೆ ಮುಂಜಾನೆ ಸಹಿ ಕೇಳಾಕ ಹೋಗ್ರಿ. ಕೊಡದಿದ್ರ ಸಂಜಿಗೆ ವಕೀಲರ ಹತ್ರ ಹೋಗ್ರಿ.

"ತಡಿ" ಅಂತ ನಾನು ಇನ್ನ ಯಾರಿಗೂ ಹೇಳಂಗಿಲ್ಲ.

ಶೇರ್ ಮಾಡ್ರಿ.

ಜೈ ಭೀಮ್. ಜೈ ಸಂವಿಧಾನ್.